ಬೆವರು ಬಾರದ ಸೋಮವಾರ

ಶಿಕಾರಿಪುರ,
೨೦-೯-೧೯೯೬

ಪ್ರೀತಿಯ ತಮ್ಮ ಗುರುಪ್ರಕಾಶನಿಗೆ ಅಕ್ಕ ಮಾಡುವ ಆಶೀರ್ವಾದ.

ನಿನ್ನ ಕೆಮ್ಮು ಹೇಗಿದೆ? ಮೈಸೂರಿನ ಮೆಸ್ಸಿನ ಊಟ ಮೈಗೆ ಒಗ್ಗಿತೋ ಇಲ್ಲವೋ? ಲ್ಯಾಬಿನ ಕೆಲಸ ಅಂತ ಊಟ ಬಿಡಬೇಡ ಮಾರಾಯ, ಹಸಿದು ಕೂತದ್ದು ಈ ಮನೆಗೆ ಸಾಕಾಗಿದೆ. ಟೆಲಿಗ್ರಾಂ ಕೊಡಲಿಲ್ಲ ಅಂತ ಬಯ್ಯಬೇಡ. ಏನಂತ ಕೊಡಲಿ? ನಿನ್ನ ಸೋದರಸೊಸೆ, ನನ್ನ ಅಶ್ವಿನಿಯನ್ನು ಶಿವಮೊಗ್ಗದ ಆಸ್ಪತ್ರೆಯಿಂದ ಮೊನ್ನೆ ಮನೆಗೆ ಕರೆತಂದೆವು. ಕರೆತಂದೆವು ಅನ್ನುವುದೂ ಸುಳ್ಳೇ, ಹೊತ್ತು ತಂದೆವು. ಕಣ್ಣು ತೆರೆದಿದೆ, ನೋಡುವುದಿಲ್ಲ. ಮೂಗಿನ ನಳಿಕೆಯಲ್ಲಿ ಗಂಜಿ ಬಿಡುತ್ತೇನೆ. "ಇನ್ನು ಮನೇಲೇ ನೋಡ್ಕೊಳ್ಳಿ" ಅಂದರು ಡಾಕ್ಟರು. ಹಾಗಂದರೆ ಏನು ಅಂತ ತಿಳಿಯದಷ್ಟು ಪೆದ್ದಿಯೇನಲ್ಲ ನಾನು.

ಹನ್ನೊಂದನೇ ವಯಸ್ಸಿಗೆ ಅವಳಿಗೆ ಸಕ್ಕರೆ ಕಾಯಿಲೆ ಬಂದಾಗಿನಿಂದ ಎಂಟು ವರ್ಷ ದಿನಾ ಬೆಳಿಗ್ಗೆ ಇನ್ಸುಲಿನ್ ಚುಚ್ಚಿದವಳು ನಾನು, ಊರಿಗೆ ಗೊತ್ತಾಗದ ಹಾಗೆ. ಸೊರಬದ ಕಡೆ ಕುಪ್ಪಗಡ್ಡೆಯಿಂದ ಸಂಬಂಧ ಬಂತಲ್ಲ, ಹುಡುಗಿ ಸೂಜಿ ಮೇಲೆ ಬದುಕಿದ್ದಾಳೆ ಅಂತ ಯಾರೋ ಪುಣ್ಯಾತ್ಮರು ಅವರ ಕಿವಿ ಊದಿದ್ದರು. ಅದಕ್ಕೆ ನಮ್ಮತ್ತೆ ದ್ಯಾಮಮ್ಮನವರು ಒಂದು ಉಪಾಯ ಹೂಡಿದರು. "ಶ್ರಾವಣ ಸೋಮವಾರ ನನ್ನ ಜೊತಿಗೆ ಉಪವಾಸ ಕೂರ್ಲಿ. ಸಕ್ರೆ ಕಾಯ್ಲೆ ಇದ್ದೋರು ಉಪವಾಸ ಮಾಡ್ತಾರೇನು? ಆಡ್ಕೊಳ್ಳೋರ ಬಾಯಿ ತಾನೇ ಮುಚ್ತದೆ" ಅಂದರು. ನಾನು ಹೂಂ ಅಂದೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಮೊದಲ ಸೋಮವಾರ ಹನ್ನೊಂದು ಗಂಟೆಗೇ ಕೈ ನಡುಗಿತು, ಹಣೆ ತುಂಬ ಬೆವರು. ಬೆಲ್ಲದ ನೀರು ಕುಡಿಸಿದೆ, ಸರಿಹೋಯಿತು. ಮಧ್ಯೆ ಬೇರೆ ದಿನಗಳಲ್ಲೂ ಒಂದೆರಡು ಸಲ ಹಾಗೆ ಆಯಿತು. ಎರಡನೇ ಸೋಮವಾರ ಸ್ವಲ್ಪ ನಡುಕ, ಅಷ್ಟೆ. ಮೂರನೆಯದಕ್ಕೆ ಏನೂ ಇಲ್ಲ! ಸಂಜೆವರೆಗೆ ಮಲ್ಲಿಗೆ ಕಟ್ಟುತ್ತಾ ಅಜ್ಜಿಯನ್ನೇ ಗೋಳು ಹೊಯ್ದುಕೊಂಡಳು. "ಮೈಗೆ ರೂಢಿ ಆತು ನೋಡು, ಶಿವ ಕಣ್ಣು ಬಿಟ್ಟ" ಅಂದರು ಅತ್ತೆ. ಆದರೆ ನಾನು ನಂಬಿದ್ದು ಅತ್ತೆಯನ್ನಲ್ಲವೋ, ನಿನ್ನನ್ನು. ಯುಗಾದಿಗೆ ಬಂದಾಗ ನೀನೇ ಅಲ್ಲವೇ ಹೇಳಿದ್ದು? ಗಾಜಿನ ಬಟ್ಟಲಲ್ಲಿ ಜೀವಕೋಶ ಬೆಳೆಸಿ ಸಕ್ಕರೆ ಕಡಿಮೆ ಮಾಡಿದರೆ ಅವು ಸಾಯುವುದಿಲ್ಲವಂತೆ. ಸಕ್ಕರೆಯನ್ನು ಒಳಗೆ ಎಳೆದುಕೊಳ್ಳುವ ಪ್ರೋಟೀನುಗಳನ್ನು ಮೈಮೇಲೆ ಇನ್ನಷ್ಟು ಮೂಡಿಸಿಕೊಂಡು, ಸಿಕ್ಕ ಚೂರುಪಾರನ್ನೇ ಬಾಚಿ ಬದುಕುತ್ತವಂತೆ. "ಹಸಿವು ಕಲಿಸೋ ವಿದ್ಯೆ ಅಕ್ಕಾ ಅದು" ಅಂದಿದ್ದೆ. ನನ್ನ ಮಗಳ ಮೈಯೂ ಆ ವಿದ್ಯೆ ಕಲಿಯಿತು ಅಂತ ಹಿಗ್ಗಿಬಿಟ್ಟೆ.

ಕಲಿತದ್ದೇನೋ ನಿಜವೇ. ಶಿವಮೊಗ್ಗದ ಡಾಕ್ಟರು ಬಿಡಿಸಿ ಹೇಳಿದರು. ರಕ್ತದ ಸಕ್ಕರೆ ಮತ್ತೆ ಮತ್ತೆ ಇಳಿದರೆ ಮಿದುಳು ಅದಕ್ಕೇ ಹೊಂದಿಕೊಂಡು, ಇದ್ದದ್ದರಲ್ಲೇ ಹೆಚ್ಚು ಎಳೆದುಕೊಳ್ಳುತ್ತದಂತೆ. ತನಗೆ ಸಿಗುತ್ತಿದೆಯಲ್ಲ ಅಂತ ಕೂಗಿಕೊಳ್ಳುವುದನ್ನು ಬಿಡುತ್ತದಂತೆ. ಆ ನಡುಕ, ಆ ಬೆವರೇ ಅದರ ಕೂಗು. ಎಳೆದುಕೊಳ್ಳಲು ಏನೂ ಉಳಿಯದಾಗ ಒಮ್ಮೆಗೇ ಕುಸಿಯುತ್ತದೆ. ನಾವು ಗುಣವಾಯಿತು ಅಂದುಕೊಂಡದ್ದು ಇದನ್ನು.

ನಾಲ್ಕನೇ ಸೋಮವಾರ ಸಂಜೆ ಕುಪ್ಪಗಡ್ಡೆಯವರು ಹೆಣ್ಣು ನೋಡಲು ಬರುವವರಿದ್ದರು. ಮಧ್ಯಾಹ್ನ ಮಲಗಿದಳು. ಹಣೆ ಮುಟ್ಟಿದೆ, ಒಣಗಿತ್ತು. ಮಲಗಲಿ, ಮುಖ ಗೆಲುವಾಗಿರುತ್ತದೆ ಅಂತ ಸುಮ್ಮನಾದೆ. ಸೀರೆ ಉಡಿಸಲು ಎಬ್ಬಿಸಿದಾಗ ನಾಲ್ಕೂವರೆ. ಏಳಲಿಲ್ಲ. ಹಲ್ಲು ಕಚ್ಚಿಕೊಂಡಿತ್ತು, ಹಾಕಿದ ಬೆಲ್ಲದ ನೀರೆಲ್ಲ ಕಟಬಾಯಲ್ಲಿ ಹರಿದುಹೋಯಿತು. ಬಂದವರು ಚಪ್ಪಲಿ ಕೂಡ ಬಿಡದೆ ವಾಪಸು ಹೋದರು.

ಈಗ ಅತ್ತೆಗೆ ಬಯ್ಯದವರಿಲ್ಲ. ನಿನ್ನ ಭಾವ ಹೆತ್ತ ತಾಯಿಯ ಜೊತೆ ಮಾತು ಬಿಟ್ಟು, ಅಂಗಡಿ ಬಾಗಿಲೂ ತೆರೆಯದೆ ಜಗಲಿಯಲ್ಲಿ ಕೂತಿರುತ್ತಾರೆ. ನಾನೂ ನಿನ್ನೆ "ನನ್ನ ಮಗಳನ್ನ ತಿಂದ್ಬಿಟ್ರಲ್ಲ" ಅಂತ ಎದುರಿಗೇ ಅಂದೆ. ಮುದುಕಿ ಅಶ್ವಿನಿಯ ಕಾಲಿಗೆ ಎಣ್ಣೆ ತಿಕ್ಕುತ್ತಲೇ ಇದ್ದರು.

ಹೊಸ ಔಷಧಿ ಏನಾದರೂ ಇದೆಯಾ ಅಂತ ಕೇಳುತ್ತಿಲ್ಲ. ಇಲ್ಲ ಅಂತ ನನಗೂ ಗೊತ್ತು, ನಿನಗೂ ಗೊತ್ತು. ಒಮ್ಮೆ ಬಂದು ನೋಡಿಕೊಂಡು ಹೋಗು. ಅವಳೆದುರು ಅಳಬೇಡ, ಕೇಳಿಸುತ್ತದೋ ಏನೋ. ನೀನಾದರೂ ತಣ್ಣಗಿರು, ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಅಕ್ಕ,
ಜ್ಯೋತಿಲಕ್ಷ್ಮಿ

ತಾ.ಕ.: ಲಕೋಟೆ ಅಂಟಿಸುವ ಮುಂಚೆ ಬರೆಯದಿದ್ದರೆ ಇನ್ನೆಂದೂ ಬರೆಯಲಾರೆ. ಮೊದಲ ಮೂರು ಸೋಮವಾರ ಇನ್ಸುಲಿನ್ ಅರ್ಧವೇ ಚುಚ್ಚಿದ್ದೆ. ನಾಲ್ಕನೆಯದಕ್ಕೆ ಪೂರ್ತಿ ಚುಚ್ಚಿದೆ, ಸಕ್ಕರೆ ಏರಿ ಹುಡುಗಿ ಬಂದವರ ಮುಂದೆ ಗಳಿಗೆಗೊಮ್ಮೆ ಬಚ್ಚಲಿಗೆ ಎದ್ದು ಹೋಗಬಾರದು ಅಂತ. ಡಾಕ್ಟರಿಗೆ ಅರ್ಧ ಅಂದೆ, ನಿನ್ನ ಭಾವನಿಗೂ ಅರ್ಧ ಅಂದೆ. ಅವತ್ತು ಚುಚ್ಚುವಾಗ ಅತ್ತೆ ಪಕ್ಕದಲ್ಲೇ ನಿಂತಿದ್ದರು. "ಉಪವಾಸದ ದಿನ ಅರ್ಧ ಸಾಕಲ್ಲೇನವ್ವಾ" ಅಂದಿದ್ದರು. ಇಷ್ಟು ಬಯ್ಗುಳ ತಿಂದರೂ ಆ ಮಾತನ್ನು ಅವರು ಇವತ್ತಿನವರೆಗೆ ಯಾರಿಗೂ ಹೇಳಿಲ್ಲ.