ನೀವೇ ಕೊಟ್ಟು ನೀವೇ ಎಣಿಸಿಕೊಂಡ ಕೆಲಸ

ಮಾನ್ಯ ಕುಲಪತಿಗಳೇ,

ನಿಮ್ಮ ವಿಶ್ವವಿದ್ಯಾಲಯ ನನ್ನ ಮಗಳು ಕೊರಿನ್‌ಳನ್ನು ಕೆಲವು ತಿಂಗಳು ಕೆಲಸಕ್ಕಿಟ್ಟುಕೊಂಡು, ಉದ್ಯೋಗ ಸಿಕ್ಕ ಪದವೀಧರರ ಲೆಕ್ಕಕ್ಕೆ ಸೇರಿಸಿ, ಲೆಕ್ಕ ಮುಗಿದ ಮರುವಾರವೇ ಮನೆಗೆ ಕಳಿಸಿತು. ನನ್ನ ದೂರು ಇಷ್ಟೇ. ಉಳಿದದ್ದು ವಿವರ.

ಹೆದ್ದಾರಿ ಬದಿಯ ನಿಮ್ಮ ಫಲಕವನ್ನು ಈ ಕೌಂಟಿಯಲ್ಲಿ ನೋಡದವರಿಲ್ಲ. ನೂರರಲ್ಲಿ ತೊಂಬತ್ತನಾಲ್ಕು ಪದವೀಧರರಿಗೆ ಆರು ತಿಂಗಳೊಳಗೆ ಉದ್ಯೋಗವಂತೆ. ಇಲ್ಲಿನ ಗಣಿ ಮುಚ್ಚಿತು, ಗಾಜಿನ ಕಾರ್ಖಾನೆಯೂ ಮುಚ್ಚಿತು. ಇಷ್ಟೊಂದು ಉದ್ಯೋಗ ಎಲ್ಲಿ ಅಡಗಿತ್ತು ಎಂದು ನಾನು ಬೆರಗಾಗಿದ್ದೆ. ಉತ್ತರ ನಮ್ಮ ಮನೆಯ ಫೋನಿಗೇ ಬಂತು.

ಕೊರಿನ್ ಕಳೆದ ಮೇ ತಿಂಗಳಲ್ಲಿ ಪದವಿ ಪಡೆದಳು, ಜೊತೆಗೆ ಮೂವತ್ತೊಂದು ಸಾವಿರ ಡಾಲರ್ ಸಾಲವನ್ನೂ. ಜೂನ್‌ನಲ್ಲಿ ನಿಮ್ಮ ದೇಣಿಗೆ ವಿಭಾಗ ಅವಳನ್ನು ಕರೆದುಕೊಂಡಿತು. ಹಳೆಯ ವಿದ್ಯಾರ್ಥಿಗಳಿಗೂ ಹೆತ್ತವರಿಗೂ ಫೋನ್ ಮಾಡಿ ಹಣ ಕೇಳುವುದು ಕೆಲಸ. ಗಂಟೆಗೆ ಹನ್ನೊಂದು ಡಾಲರ್. ಅಕ್ಟೋಬರ್‌ನ ಒಂದು ಸಂಜೆ ನಾನು ಫೋನೆತ್ತಿದೆ.

"ನಮಸ್ಕಾರ ಸರ್, ನಿಮ್ಮ ಮಗಳು ಓದಿದ ವಿಶ್ವವಿದ್ಯಾಲಯದಿಂದ ಮಾತಾಡ್ತಿದೀನಿ."

"ಕೊರಿನ್? ನೀನೇನೇ? ಅಪ್ಪನಿಗೆ ಸರ್ ಅಂತೀಯಾ?"

"ಅಪ್ಪಾ, ಮೇಡಂ ಕೇಳಿಸ್ಕೊಳ್ತಿದಾರೆ, ಸುಮ್ನಿರು." ಮತ್ತೆ ಗಟ್ಟಿ ದನಿ: "ಐವತ್ತು ಡಾಲರ್ ಕೊಡೋಕಾಗುತ್ತಾ ಸರ್?"

"ನಿನ್ನ ಸಾಲಕ್ಕೆ ಕೊಡ್ಲೋ, ಅವ್ರಿಗೆ ಕೊಡ್ಲೋ?"

"ಇಪ್ಪತ್ತೈದಾದ್ರೂ ನಡೆಯುತ್ತೆ ಸರ್."

ಕೊಟ್ಟೆ. ಮಗಳ ಕೆಲಸ ಉಳಿಯಲಿ ಎಂದು ಅವಳ ಸಂಬಳಕ್ಕೆ ನಾನೇ ಚಂದಾ ಹಾಕಿದೆ. ಇಂಥ ಆರ್ಥಿಕ ವ್ಯವಸ್ಥೆಯನ್ನು ನಿಮ್ಮ ವಾಣಿಜ್ಯ ವಿಭಾಗದಲ್ಲಿ ಪಾಠವಾಗಿ ಇಟ್ಟಿದ್ದೀರೋ ಇಲ್ಲವೋ ತಿಳಿಯದು.

ನವೆಂಬರ್ ಮಧ್ಯದಲ್ಲಿ ಉದ್ಯೋಗ ಸಿಕ್ಕ ಪದವೀಧರರ ಎಣಿಕೆ ನಡೆಯಿತು. ವಾರಕ್ಕೆ ಕೆಲವೇ ಗಂಟೆ ದುಡಿದವರೂ ನಿಮ್ಮ ನಿಯಮದಂತೆ ಉದ್ಯೋಗಿಗಳೇ. ಮರುವಾರ, ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ, ಫೋನ್ ಮಾಡುತ್ತಿದ್ದ ಹೊಸ ಪದವೀಧರರನ್ನೆಲ್ಲ ವಿಶ್ವವಿದ್ಯಾಲಯದ ಲಾಂಛನವಿದ್ದ ಕಾಫಿ ಮಗ್ ಕೊಟ್ಟು ಬೀಳ್ಕೊಟ್ಟಿರಿ. ಪದವಿಯ ನಂತರ ಸಾಲ ತೀರಿಸಲು ಶುರುಮಾಡುವುದಕ್ಕೂ ಆರು ತಿಂಗಳ ಬಿಡುವು. ಕೆಲಸ ಹೋದ ಬೆನ್ನಿಗೇ ಮೊದಲ ಕಂತು ಬಂತು. ಇಷ್ಟು ಕರಾರುವಾಕ್ಕಾಗಿ ನಿಮ್ಮ ಕ್ಯಾಂಪಸ್ಸಿನ ಬಸ್ಸಾದರೂ ಬರುತ್ತದೆಯೇ? ಈಗ ಕೊರಿನ್ ಅಗ್ಗದ ಸಾಮಾನಿನ ಅಂಗಡಿಯಲ್ಲಿ ಅರೆಕಾಲಿಕ ಕ್ಯಾಷಿಯರ್. ಸಂಬಳದ ಮೂರನೇ ಒಂದು ಪಾಲಿಗಿಂತ ಹೆಚ್ಚು ಕಂತಿಗೆ ಹೋಗುತ್ತದೆ.

ಆದದ್ದು ಆಯಿತು ಎಂದು ಸುಮ್ಮನಿರುತ್ತಿದ್ದೆ. ಆದರೆ ನನ್ನ ಕಿರಿಮಗಳು ಡೆಲಿಯಾ ಮೇ ಒಂದರೊಳಗೆ ನಿಮ್ಮಲ್ಲಿ ಸೀಟು ಖಚಿತಪಡಿಸಬೇಕು. ಅವಳ ಸಾಲಕ್ಕೆ ನನ್ನ ಸಹಿ ಬೇಕು. ಮೊನ್ನೆ ಊಟಕ್ಕೆ ಕೂತಾಗ ಆ ಮಾತು ಬಂತು.

"ನಂಗೆ ಕೆಲ್ಸ ಸಿಕ್ಕೇ ಸಿಗುತ್ತಪ್ಪ. ಹೋದ ವರ್ಷವೂ ನೂರಕ್ಕೆ ತೊಂಬತ್ತನಾಲ್ಕು ಜನಕ್ಕೆ ಸಿಕ್ಕಿದೆಯಲ್ಲ."

ಕೊರಿನ್ ತಟ್ಟೆಯಿಂದ ತಲೆ ಎತ್ತಲಿಲ್ಲ. "ಅದ್ರಲ್ಲಿ ನಾನೂ ಒಬ್ಬಳು ಕಣೇ. ಈಗ್ಲೂ ಆ ಲೆಕ್ಕದಲ್ಲಿದೀನಿ."

ಡೆಲಿಯಾಗೆ ನಮ್ಮೂರ ಶಾಲೆಯಲ್ಲೇ ಗಣಿತ ಕಲಿಸುವ ಆಸೆ. ಓದಬೇಡ ಎನ್ನಲು ನನಗೆ ಮನಸ್ಸಿಲ್ಲ. ಯಾವ ಅಂಕಿ ನಂಬಿ ಓದು ಎನ್ನಲಿ ಎಂಬುದನ್ನು ನೀವೇ ಹೇಳಬೇಕು. ನೀವೇ ಕೊಟ್ಟ ಕೆಲಸಗಳನ್ನು ಬಿಟ್ಟು ಮತ್ತೊಮ್ಮೆ ಎಣಿಸಿ. ಪ್ರತಿ ವಿಭಾಗದ ಪದವೀಧರರ ನಿಜ ಸಂಪಾದನೆ ಎಷ್ಟು, ಹೊತ್ತ ಸಾಲ ಎಷ್ಟು ಎಂಬುದನ್ನು ಅದೇ ಫಲಕದ ಮೇಲೆ, ಅಷ್ಟೇ ದೊಡ್ಡ ಅಕ್ಷರಗಳಲ್ಲಿ, ಮೇ ಒಂದಕ್ಕೆ ಮೊದಲು ಬರೆಸಿ. ಅಂಕಿ ಸಣ್ಣದಾದರೆ ಚಿಂತೆಯಿಲ್ಲ. ಅದನ್ನು ಓದಿದ ಮೇಲೂ ಡೆಲಿಯಾ ಬರುತ್ತೇನೆ ಎಂದರೆ, ನಾನೇ ಅವಳನ್ನು ಕಾರಿನಲ್ಲಿ ತಂದು ಬಿಡುತ್ತೇನೆ.

ಇಂತಿ,
ಅಲ್ಲಿಯವರೆಗೆ ಸಾಲದ ಸಹಿಗೆ ಪೆನ್ನಿನ ಮುಚ್ಚಳ ತೆಗೆಯದ ಅಪ್ಪ,
ಹಾಲಿಸ್ ಪ್ರೂಯಿಟ್