ಕಾರ್ಡಿಗೆ ಇಟ್ಟ ಕುಂಕುಮ

ಚಾಮರಾಜಪೇಟೆ, ಬೆಂಗಳೂರು
ಸೋಮವಾರ, ೧೭ ಅಕ್ಟೋಬರ್ ೨೦೦೫

ಪ್ರೀತಿಯ ಅಪ್ಪಾ,

ಕಂಪ್ಯೂಟರ್ ಸುಟ್ಟದ್ದು ನನ್ನ ತಪ್ಪಿನಿಂದ. ಗೊತ್ತಿದ್ದೂ ಅದನ್ನು ಅಜ್ಜಿಯ ತಲೆಗೆ ಕಟ್ಟಿದೆ. ಕ್ಷೇಮ ಕೇಳುವ ಮೊದಲೇ ಇದನ್ನು ಬರೆದುಬಿಟ್ಟೆ. ಇಲ್ಲದಿದ್ದರೆ ಕ್ಷೇಮ ಸಮಾಚಾರದಲ್ಲೇ ಹಾಳೆ ತುಂಬಿಸಿ ಸಹಿ ಹಾಕಿಬಿಡುತ್ತಿದ್ದೆ. ನನಗೆ ನನ್ನ ಮೇಲೆ ಅಷ್ಟು ನಂಬಿಕೆ ಉಳಿದಿಲ್ಲ. ನಿಮ್ಮ ಬೆನ್ನುನೋವು ಹೇಗಿದೆ? ಅಮ್ಮನಿಗೆ ರಾಯಚೂರಿನ ಬಿಸಿಲು ಒಗ್ಗಿತೇ? ಬ್ಯಾಂಕಿನವರು ಕೊಟ್ಟ ಮನೆಗೆ ನೀರು ದಿನವೂ ಬರುತ್ತಿದೆಯೇ? ಇಲ್ಲಿ ನಾನು ಚೆನ್ನಾಗಿದ್ದೇನೆ. ಅಜ್ಜಿ ಚೆನ್ನಾಗಿಲ್ಲ. ನನಗೆ ಭಯವಾಗುತ್ತಿದೆ ಅಪ್ಪಾ.

ಹಬ್ಬದ ಮುಂಗಡದಲ್ಲಿ ಆರು ಸಾವಿರ ತೆಗೆದು ಕೊಡುವಾಗ ನೀವು ಹಾಕಿದ ಷರತ್ತು ಒಂದೇ: "ಯಾವ ಕಾರ್ಡಾದ್ರೂ ತಗೋ, ಬಿಲ್ ಮಾತ್ರ ತಗೊಂಡ್ ಬಾ." ನಮ್ಮ ಹಳೆಯ ಕಂಪ್ಯೂಟರಿನಲ್ಲಿ ಆಟದ ಕಾರು ಓಡುತ್ತಿರಲಿಲ್ಲ, ತೆವಳುತ್ತಿತ್ತು. ಆಟದ ಚಿತ್ರ ಮೂಡಿಸುವ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಹಾಕಿದರೆ ಬೀದಿಯ ಮಕ್ಕಳು ಗೇಮ್ ಪಾರ್ಲರಿನವನಿಗೆ ಗಂಟೆಗೆ ಇಪ್ಪತ್ತೈದು ರೂಪಾಯಿ ತೆರುವುದು ತಪ್ಪಿ ನಮ್ಮ ಹಜಾರದಲ್ಲೇ ಪುಕ್ಕಟೆ ಆಡಬಹುದು ಎಂದು ನಿಮಗೆ ಭಾಷಣ ಮಾಡಿದ್ದೆ. 'ಆಟವೂ ಹಕ್ಕು' ಎಂದು ಕರಪತ್ರ ಬರೆದು ಜೆರಾಕ್ಸ್ ಕೂಡ ಮಾಡಿಸಿದ್ದೆ. ಎಲ್ಲರಿಗಿಂತ ಮೊದಲು ನಾನೇ ಆಡಬೇಕೆಂಬ ಆಸೆ ಇತ್ತೆಂಬುದು ಕರಪತ್ರದಲ್ಲಿ ಇರಲಿಲ್ಲ.

ಮೂರು ವಾರ ಪತ್ರಿಕೆಗಳನ್ನು ಓದಿ ಪಟ್ಟಿ ಮಾಡಿದೆ. ನಾಲ್ಕು ಸಾವಿರದ ಕಾರ್ಡಿನಲ್ಲಿ ಆಟ ನಡೆಯುತ್ತದೆ, ಆದರೆ ತಿರುವುಗಳಲ್ಲಿ ತಡವರಿಸುತ್ತದೆ. ಅದಕ್ಕಿಂತ ಒಂದು ಮೆಟ್ಟಿಲು ಮೇಲಿನದು ಏಳು ಸಾವಿರದ ಮೇಲೆ. ನಾಲ್ಕು ಸಾವಿರದ್ದೇ ಸಾಕಾಗಿತ್ತು, ಈಗ ಹೇಳುತ್ತೇನೆ. ಎಸ್.ಪಿ. ರಸ್ತೆಯ ಒಂದು ಮೊದಲ ಮಹಡಿಯಲ್ಲಿ ಮುರುಗೇಶ ಎನ್ನುವವನು ಆ ಮೇಲಿನ ಕಾರ್ಡನ್ನೇ ಆರು ಸಾವಿರಕ್ಕೆ ಕೊಡುತ್ತೇನೆಂದ, ಬಿಲ್ ಇಲ್ಲದೆ, ಡಬ್ಬಿಯೂ ಇಲ್ಲದೆ. ಡಬ್ಬಿ ಕೇಳಿದ್ದಕ್ಕೆ, "ಡಬ್ಬ ಯಾಕೆ ಗುರು, ಅದ್ರೊಳಗೆ ಕೂತ್ಕೊಂಡ್ ಆಡ್ತೀಯಾ?" ಎಂದು ನಕ್ಕ. ಬಳೇಪೇಟೆಯ ಗೋಡೆ ಗೋಡೆಗೂ ಮೈದಾ ಅಂಟು ಬಳಿದು 'ಬಿಲ್ ಕೇಳಿ ಪಡೆಯಿರಿ' ಎಂದು ಚೀಟಿ ಹಚ್ಚಿದ ನಿಮ್ಮ ಮಗ ಬಿಲ್ ಕೇಳಲಿಲ್ಲ. ಮೆಟ್ಟಿಲು ಇಳಿಯುವಾಗ ಅವನೇ ಕೂಗಿ ಹೇಳಿದ: "ನಿಂದು ಹಳೇ ಪವರ್ ಸಪ್ಲೈ ಅಂದ್ಯಲ್ಲ, ಅದು ಇದ್ನ ತಡೆಯಲ್ಲ ಮಗಾ. ಅದನ್ನ ಬದಲಾಯಿಸ್ದೆ ಕಾರ್ಡ್ ಹಾಕ್ಬೇಡ." ಕಂಪ್ಯೂಟರಿಗೆ ಕರೆಂಟು ಹಂಚುವ ಆ ಪೆಟ್ಟಿಗೆಗೆ ಇನ್ನೂ ಒಂಬೈನೂರು ಬೇಕಿತ್ತು. ನನ್ನ ಜೇಬಿನಲ್ಲಿ ಬಸ್ಸಿನ ಚಿಲ್ಲರೆ ಇತ್ತು. ತಲೆಯಾಡಿಸಿ ಬಂದೆ.

ಆಯುಧಪೂಜೆಯ ದಿನ ಅಜ್ಜಿ ಈಳಿಗೆಮಣೆ, ಕತ್ತರಿ, ನಿಮ್ಮ ಹಳೆಯ ಸ್ಪ್ಯಾನರ್ ಇವುಗಳ ಸಾಲಿನಲ್ಲಿ ನನ್ನ ಕಾರ್ಡನ್ನೂ ಇಡಿಸಿದರು. ಯಂತ್ರಕ್ಕೆ ಬೊಟ್ಟು ಯಾಕೆಂದು ನಾನು ಅಣಕಿಸಿದೆ. "ನಿನ್ನ ಮಿಷನ್ನಿಗೆ ನಾನು ಬೈದ್ನೇನೋ? ನೀನೂ ಸುಮ್ನಿರು," ಎಂದು ಅರಿಶಿನ ಕುಂಕುಮ ಕಲಸಿ ಅದರ ತಗಡಿಗೆ ಒಂದು ಬೊಟ್ಟು ಇಟ್ಟರು. ಆಮೇಲೆ ಕಾರ್ಡ್ ಕೂರಿಸಿದೆ. ಪಕ್ಕದ ಮನೆಯ ಮಹಾನಂದ ಆಂಟಿ, ಅವರ ಮಕ್ಕಳು, ಬೀದಿಯ ಇನ್ನೂ ಐದಾರು ಜನ ಕೋಸಂಬರಿ ತಿನ್ನುತ್ತಾ ನೋಡುತ್ತಿದ್ದರು. ನಾಲ್ಕು ನಿಮಿಷ ಕಾರು ಎಷ್ಟು ಚೆಂದ ಓಡಿತು ಅಪ್ಪಾ! ಆಮೇಲೆ ಟಪ್ ಎಂದಿತು, ಹಿಂಭಾಗದಿಂದ ಹೊಗೆ ಬಂತು. ಆ ಕ್ಷಣವೇ ಮುರುಗೇಶನ ಮಾತು ನೆನಪಾಯಿತು. ಆದರೂ ಬಾಯಿಂದ ಬಂದದ್ದು, "ಅಜ್ಜೀ, ಎಲ್ಲ ನಿಮ್ಮ ಕುಂಕುಮದಿಂದ!" ಅಷ್ಟಕ್ಕೇ ನಿಲ್ಲಲಿಲ್ಲ. ಒದ್ದೆ ಕುಂಕುಮದಲ್ಲಿ ವಿದ್ಯುತ್ ಹೇಗೆ ಹರಿಯುತ್ತದೆ, ಮೂಢನಂಬಿಕೆಗೆ ಹೇಗೆ ಬೆಲೆ ತೆರಬೇಕಾಗುತ್ತದೆ ಎಂದು ಎಲ್ಲರ ಮುಂದೆ ವಿವರಿಸಿದೆ. ಅಜ್ಜಿ ಕುಂಕುಮದ ಬಟ್ಟಲು ಹಿಡಿದು ನಿಂತೇ ಇದ್ದರು.

ಶುಕ್ರವಾರ ಕಂಪ್ಯೂಟರನ್ನು ಮಾಮೂಲ್‌ಪೇಟೆಯ ರಿಪೇರಿ ಆಂಜಿನಯ್ಯನವರ ಬಳಿ ಹೊತ್ತೊಯ್ದೆ. ಅವರು ಬಿಚ್ಚಿ ತೋರಿಸಿದರು. ಅಜ್ಜಿಯ ಬೊಟ್ಟು ತಗಡಿನ ಮೇಲೆ ಒಣಗಿ ಹಾಗೇ ಇತ್ತು, ವಿದ್ಯುತ್ತಿನ ದಾರಿಗೆ ತಾಗಿಯೇ ಇರಲಿಲ್ಲ. ಪವರ್ ಸಪ್ಲೈ ಒಳಗೆಲ್ಲ ಕರಕಲು. "ಸೈಕಲ್ ಮೇಲೆ ಬೀರು ಹೇರಿದೀಯಲ್ಲಪ್ಪಾ," ಎಂದರು. ಅದು ಸಾಯುವಾಗ ಕಾರ್ಡನ್ನೂ ಕರೆದುಕೊಂಡು ಹೋಗಿದೆಯಂತೆ.

ಮನೆಗೆ ಬಂದವನೇ ಅಜ್ಜಿಗೆ ನಿಜ ಹೇಳಿದೆ. ಅವರು ನಂಬುತ್ತಿಲ್ಲ. "ನನ್ನ ಸಮಾಧಾನಕ್ಕೆ ಹೇಳ್ತೀಯ ಕಣೋ. ಓದಿದೋನು ನೀನು, ಆವತ್ತು ಎಲ್ರ ಮುಂದೆ ಹೇಳಿದ್ದೇ ನಿಜ." ನನ್ನ ವಿವರಣೆ ಅಷ್ಟು ಚೆನ್ನಾಗಿತ್ತು. ತಾವೇ ಕೈಯಾರೆ ಇಟ್ಟ ಬೊಟ್ಟಿನಿಂದ ಹಬ್ಬದ ದಿನ ದೇವರ ಮುಂದೆ ಇದ್ದ ವಸ್ತು ಸುಟ್ಟಿತೆಂದರೆ, ದೂರದ ಊರಿನಲ್ಲಿರುವ ನಿಮಗೆ ಏನೋ ಕೇಡಿದೆ ಎಂದು ಅವರ ಮನಸ್ಸಿಗೆ ಹೊಕ್ಕಿದೆ. ನಿಮ್ಮ ಮುಖ ನೋಡುವವರೆಗೆ ರಾತ್ರಿ ಊಟ ಮಾಡುವುದಿಲ್ಲವೆಂದು ಹರಕೆ ಹೊತ್ತಿದ್ದಾರೆ. ಸಕ್ಕರೆ ಕಾಯಿಲೆಯವರು! ಶನಿವಾರ ನೀವು ಫೋನ್ ಮಾಡಿದಾಗ ಹೇಳಲು ಹೊರಟೆ. ಅಜ್ಜಿ ಪಕ್ಕದಲ್ಲೇ ಇದ್ದರು, ನಿಮ್ಮ ದನಿ ಕೇಳಿ "ಎಲ್ಲ ಚೆನ್ನಾಗಿದೆ" ಎಂದುಬಿಟ್ಟೆ. ಅಜ್ಜಿಯೂ ಮಾತಾಡಿದರು. ಫೋನ್ ಇಟ್ಟ ಮೇಲೆ, "ದನಿ ಬೇರೆ, ಮುಖ ಬೇರೆ," ಎಂದರು. ಮಧ್ಯಾಹ್ನ ಅವರು ಮಲಗಿದರೆ ಸೆರಗು ಏಳುತ್ತಿದೆಯೇ, ಇಳಿಯುತ್ತಿದೆಯೇ ಎಂದು ಬಾಗಿಲಲ್ಲಿ ನಿಂತು ನೋಡುತ್ತೇನೆ.

ನನ್ನನ್ನು ಬೈಯಿರಿ, ಹೊಡೆಯಿರಿ, ಆದರೆ ಬಂದು ಬೈಯಿರಿ. ಅಮ್ಮನಿಗೆ ನನ್ನ ನಮಸ್ಕಾರ. ಅವರಿಗೆ ಈಗಲೇ ಎಲ್ಲ ಹೇಳಿ ಹೆದರಿಸಬೇಡಿ.

ನಿಮ್ಮ ಮಾತು ಮೀರಿದ ಮಗ,
ವಂಶಿ

ಮರೆತೆ ಎಂದು ಬರೆಯುವುದಿಲ್ಲ, ಬರೆಯಲು ಹೆದರಿದ್ದೆ: ಇವತ್ತು ಬೆಳಿಗ್ಗೆ ಅಜ್ಜಿ ಬೆವೆತು ಹಜಾರದಲ್ಲಿ ಕುಸಿದು ಕೂತರು. ನನ್ನನ್ನು ದಿಟ್ಟಿಸಿ, ನೀವೇ ಎಂದುಕೊಂಡು, "ವರದಾ, ಯಾವಾಗ ಬಂದ್ಯೋ?" ಎಂದರು. ಸಕ್ಕರೆ ನೀರು ಕುಡಿಸಿದ ಮೇಲೆ ನನ್ನ ಗುರುತು ಸಿಕ್ಕಿತು. ಮಾತ್ರೆ ನುಂಗಿ ಊಟ ಬಿಟ್ಟರೆ ಹೀಗೇ ಆಗುತ್ತದೆ, ಮತ್ತೆ ಆಗಬಾರದು ಎಂದು ಡಾಕ್ಟರ್ ಶಿವಕುಮಾರಿ ಗದರಿದರು. ಫೋನಿನಲ್ಲಿ ಮತ್ತೆ "ಎಲ್ಲ ಚೆನ್ನಾಗಿದೆ" ಎಂದುಬಿಡುತ್ತೇನೆಂದು ಹೆದರಿ ಕಾಗದವನ್ನೇ ಕಳಿಸುತ್ತಿದ್ದೇನೆ. ಕೊರಿಯರಿನವನು ನಾಳೆ ಸಂಜೆಯೊಳಗೆ ತಲುಪಿಸುತ್ತೇನೆಂದಿದ್ದಾನೆ. ಬುಧವಾರ ರಾತ್ರಿಯ ಬಸ್ಸು ಹತ್ತಿ. ಅಜ್ಜಿಯನ್ನು ಆಟೋದಲ್ಲಿ ಬಸ್ ನಿಲ್ದಾಣಕ್ಕೆ ಕರೆತರುತ್ತೇನೆ, ಮಹಾನಂದ ಆಂಟಿಯೂ ಬರುತ್ತಾರೆ. ಅವರ ಮುಂದೆ ಹೇಳಿದ ಸುಳ್ಳನ್ನು ಅವರ ಮುಂದೆಯೇ ವಾಪಸು ತೆಗೆದುಕೊಳ್ಳುತ್ತೇನೆ. ಗುರುವಾರ, ಇಪ್ಪತ್ತನೇ ತಾರೀಕು, ಬೆಳಿಗ್ಗೆ ಏಳು ಗಂಟೆಗೆ, ಮೆಜೆಸ್ಟಿಕ್‌ನಲ್ಲಿ ರಾಯಚೂರು ಬಸ್ಸು ಬಂದು ನಿಲ್ಲುವ ಕಡೆ.