ಇಲಿಯ ನಂತರ ನನ್ನ ಪಾಳಿ

ಬೆಟಗೇರಿ
೧೨ ಆಗಸ್ಟ್ ೨೦೨೫

ಪ್ರೀತಿಯ ತಂಗಿ ಮೇಘಾಳಿಗೆ ಅಕ್ಕನ ಆಶೀರ್ವಾದ.

ಇಲ್ಲಿ ಎಲ್ಲರೂ ಆರಾಮ. ಉತ್ತರ ತಡವಾಯಿತು, ಬೈಯಬೇಡ. ಫೋನಿನಲ್ಲಿ ಮಾತಾಡಿದರೆ ಅವ್ವ ಪಕ್ಕದಲ್ಲೇ ಕಿವಿ ನಿಮಿರಿಸಿಕೊಂಡು ಕೂತಿರುತ್ತಾಳೆ, ಅದಕ್ಕೇ ಈ ಪತ್ರ. ಬಸುರಿ ಹೆಂಗಸು ಪುಣೆಯ ಪ್ರಯೋಗಾಲಯದಲ್ಲಿ ಇಲಿಗಳ ಯೋಗಕ್ಷೇಮ ನೋಡುತ್ತೀಯಲ್ಲ, ನಿನ್ನ ಯೋಗಕ್ಷೇಮ ನೋಡುವವರು ಯಾರು?

ನೀನು ಬರೆದದ್ದನ್ನು ಅಪ್ಪನಿಗೆ ಓದಿ ಹೇಳಿದೆ. ಫಿಟ್ಸ್ ಬಂದಾಗ ಮಿದುಳಿನ ಒಂದು ಮೂಲೆಯ ನರಗಳೆಲ್ಲ ಒಮ್ಮೆಲೇ ಕೂಗಾಡುತ್ತವೆ, ಅವನ್ನು ಸುಮ್ಮನಾಗಿಸುವ ನರವಾಹಕವೆಂಬ ರಸವೂ ಮಿದುಳಿನಲ್ಲೇ ಇರುತ್ತದೆ, ಅದನ್ನು ಕೂದಲಿನಂಥ ನಳಿಕೆಯಿಂದ ಆ ಮೂಲೆಗೇ ಮುಟ್ಟಿಸಿದರೆ ಇಲಿಯ ಫಿಟ್ಸ್ ನಿಂತಿತಂತೆ ಎಂದೆ. ನನ್ನ ಗುಳಿಗೆ ಮೈಗೆಲ್ಲ ಹರಡಿ ಮಂಪರು ತರುತ್ತದೆ, ಇದು ಹಾಗಲ್ಲ ಅಂದೆ. ಅಪ್ಪನಿಗೆ ತಟ್ಟನೆ ತಿಳಿಯಿತು. “ಮಗ್ಗದಾಗ ಎಳಿ ಹರದ್ರ ಹರದಲ್ಲೇ ಗಂಟ ಹಾಕ್ತೀವಿ. ಇಡೀ ಹಾಸು ಬಿಚ್ಚತೀವೇನು?” ಅಂದ. ಮನುಷ್ಯರಿಗೆ ಬರಲು ಇನ್ನೂ ವರ್ಷಗಳು ಬೇಕಂತೆ ಎಂದದ್ದಕ್ಕೆ, “ಆಗ್ಲಿ ಬಿಡ. ಮೊದಲ ಇಲಿ, ಆಮ್ಯಾಲ ನೀ. ಪಾಳಿ ಅಂತೂ ಬರ್ತೈತಲ್ಲ!” ಎಂದು ನಕ್ಕ. ನನಗೂ ಆಸೆ ಹುಟ್ಟಿದೆ ಮೇಘಾ, ಖರೆ ಹೇಳುತ್ತೇನೆ.

ಇನ್ನೊಂದು ಖಬರು. ಹೋದ ವಾರ ಲಾಳಿಯೊಳಗಿಡುವ ಕಂಡಿಕೆಗೆ ನೂಲು ಸುತ್ತುತ್ತಿದ್ದಾಗ ಫಿಟ್ಸ್ ಬಂದು ಬಿದ್ದೆ. ಪಕ್ಕದ ಮನೆಯ ಮೋತಿಬಿ “ಕೈಯಾಗ ಕಬ್ಬಿಣ ಕೊಡ್ರಿ, ಜಲ್ದಿ!” ಎಂದು ಕೂಗಿದಳಂತೆ. ಅದರಿಂದ ಫಿಟ್ಸ್ ನಿಲ್ಲುವುದಿಲ್ಲವೆಂದು ನೀನು ಎಷ್ಟು ಹೇಳಿದರೂ ಅಷ್ಟೇ. ಗಡಿಬಿಡಿಯಲ್ಲಿ ಕೀಲಿಕೈ ಸಿಗದೆ ಅಪ್ಪ ನನ್ನ ಕೈಗೆ ಮಗ್ಗದ ಲಾಳಿಯನ್ನೇ ತುರುಕಿದ್ದಾನೆ, ಅದರ ಮೂತಿಗೆ ಕಬ್ಬಿಣವಿದೆಯಲ್ಲ! ಎಚ್ಚರಾದ ಮೇಲೆ ನಾನು ಲಾಳಿ ಬಿಡಲೊಲ್ಲೆ. ಫಿಟ್ಸಿನವಳು ಮಗ್ಗಕ್ಕೆ ಕೂರಬಾರದೆಂದು ಇಷ್ಟು ವರ್ಷ ನನ್ನನ್ನು ಕಂಡಿಕೆಗೇ ಕಟ್ಟಿಹಾಕಿದ್ದರು. “ನೀನ ಕೊಟ್ಟಿದ್ದು, ವಾಪಸ್ ಕೊಡಂಗಿಲ್ಲ” ಅಂದೆ. ಅಪ್ಪ ಮಗ್ಗದ ಮುಂದಿನ ತನ್ನ ಜಾಗ ಬಿಟ್ಟು ಸರಿದ. “ಕುಂಡ್ರ ಹಂಗಾರ. ನಾ ಬಾಜೂಕ ಇರ್ತೀನಿ” ಅಂದ. ಈಗ ದಿನಾ ನೇಯುತ್ತೇನೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಕೈಗುಣದಿಂದ ನನ್ನಂಥವರ ಮನೆಗಳ ದಿಗಿಲು ಕಳೆಯಲಿ, ನಿನ್ನ ಹೊಟ್ಟೆ ತಣ್ಣಗಿರಲಿ.

ನಿನ್ನ ಅಕ್ಕ
ಲಕ್ಷ್ಮೀದೇವಿ

ತಾ.ಕ.: ಅವ್ವ ಎಲ್ಲರಿಗೂ ಹೇಳಿದ ಹಾಗೆ ನಿನ್ನ ಮದುವೆಯ ದಿನ ನನಗೇನೂ ಜ್ವರ ಬಂದಿರಲಿಲ್ಲ. ಬೀಗರೆದುರು ಬಿದ್ದರೆ ಹೇಗೆಂದು ಅವ್ವ ಹಿಂದಿನ ದಿನವೇ ನನ್ನನ್ನು ಕುರ್ತಕೋಟಿಯ ಸೋದರತ್ತೆಯ ಮನೆಗೆ ಕಳಿಸಿದ್ದಳು. ನಿನಗೆ ಗೊತ್ತಿತ್ತೇ ಎಂದು ಕೇಳುವುದಿಲ್ಲ. ನಿನ್ನ ಸೀಮಂತದ ಕುಬಸಕ್ಕೆ ಮಾತ್ರ ಬಂದೇ ಬರುತ್ತೇನೆ, ಗುಣವಾಗುವವರೆಗೆ ಕಾಯಲಾರೆ. ನಡುವೆ ಬಿದ್ದರೆ ನನ್ನನ್ನು ಮಗ್ಗುಲಿಗೆ ಹೊರಳಿಸಿ, ನೀವು ಆರತಿ ಮುಂದುವರಿಸಿರಿ.